ನೆಲ ಬಿಟ್ಟು ನಾಲ್ಕಡಿ

ಏಳೂವರೆಯಾದರೂ ತೋಟದೊಳಗೆ ಬಿಸಿಲು ಇಳಿದಿಲ್ಲ. ವಿಟ್ಲದ ಕಡೆಯ ಹಳೆಯ ಅಡಿಕೆ ತೋಟ ಇದು. ಒಂಬತ್ತಡಿಗೊಂದರಂತೆ ನೆಟ್ಟ ಮರಗಳು ಉದ್ದಕ್ಕೂ ಅಡ್ಡಕ್ಕೂ ಓಣಿ ಬಿಟ್ಟುಕೊಂಡು ನಿಂತಿವೆ. ಮೇಲೆ ಸೋಗೆಗೆ ಸೋಗೆ ತಾಗಿ ಹಸಿರು ಮುಚ್ಚಿಗೆ. ಕೆಳಗೆ ಉದುರಿದ ಹಾಳೆ, ಒದ್ದೆ ಮಣ್ಣಿನ ವಾಸನೆ, ಕಣಿಯಲ್ಲಿ ತೆಳ್ಳಗೆ ಹರಿಯುವ ನೀರು. ಕಾಳುಮೆಣಸಿನ ಬಳ್ಳಿ ಹಬ್ಬಿರದ ಒಂದಷ್ಟು ಮರಗಳನ್ನು ಆರಿಸಿ, ಅವುಗಳಿಗೆ ನಾಲ್ಕಡಿ, ಹತ್ತಡಿ, ಇಪ್ಪತ್ತಡಿ ಎತ್ತರದಲ್ಲಿ ಕೆಂಪು ಬಟ್ಟೆ ಕಟ್ಟಿದ್ದಾರೆ. ಮರ ಹತ್ತುವುದನ್ನು ಕಲಿಯಲು ಬಂದವರಿಗೆ ಇವೇ ತರಗತಿಗಳು. ಒಂದು ಬಟ್ಟೆ ಮುಟ್ಟಿ ಸಲೀಸಾಗಿ ಇಳಿದು ಬಂದವನಿಗೆ ಮಾತ್ರ ಮುಂದಿನದಕ್ಕೆ ಅನುಮತಿ.

ಬಂದವರೆಲ್ಲ ಒಂದೇ ಬಗೆಯವರಲ್ಲ. ಸುಳ್ಯದ ಕಡೆ ರಬ್ಬರ್ ಟ್ಯಾಪಿಂಗ್ ಮಾಡುವ ಹುಡುಗನೊಬ್ಬ, ಮಂಗಳೂರಿನ ಹೋಟೆಲ್ ಕೆಲಸ ಬಿಟ್ಟು ಊರಿಗೆ ಮರಳಿದವನೊಬ್ಬ, ಪಿಯುಸಿ ಮುಗಿಸಿ ಮೇಸ್ತ್ರಿಯ ಹಿಂದೆ ಸಾರಣೆ ಕೆಲಸಕ್ಕೆ ಹೋಗುತ್ತಿದ್ದವನೊಬ್ಬ. ಎರಡೆಕರೆ ತೋಟವಿದ್ದೂ ಕೊಯ್ಲಿನ ಹೊತ್ತಿಗೆ ಜನ ಸಿಗದೆ, ಇನ್ನು ನಾನೇ ಹತ್ತುತ್ತೇನೆ ಎಂದು ಹೊರಟು ಬಂದ ಕೃಷಿಕರೂ ಇದ್ದಾರೆ. ಎಲ್ಲರ ಕಾಲೂ ಬರಿಗಾಲು. ಕಲಿಸುವವರು ಐವತ್ತರ ಆಸುಪಾಸಿನ, ಸಣ್ಣ ಮೈಕಟ್ಟಿನ ಮನುಷ್ಯ. ಎಲ್ಲರ ಬಾಯಲ್ಲೂ ಅವರು ‘ಅಣ್ಣ’. ಮೀಸೆ ಮೂಡುವ ಮೊದಲೇ ಮರ ಏರಿದವರು. ಅಂಗಾಲಿನ ಒಳಬದಿಯ ಚರ್ಮ ದಪ್ಪಗಟ್ಟಿ ಹೊಳೆಯುತ್ತದೆ.

“ಮಧ್ಯಾಹ್ನದವರೆಗೆ ಯಾರೂ ಹತ್ಲಿಕ್ಕಿಲ್ಲ,” ಎಂದರು ಅಣ್ಣ. “ಮೊದಲು ಮರ ನೋಡ್ಲಿಕ್ಕೆ ಕಲಿಯುವಾ.”

ಹುಡುಗರ ಮುಖದಲ್ಲಿ ಸಣ್ಣ ನಿರಾಸೆ. ಅಣ್ಣ ಕತ್ತಿಯ ಹಿಂಬದಿಯಿಂದ ಒಂದು ಮರಕ್ಕೆ ಬಡಿದರು. ಸದ್ದು ಗಟ್ಟಿಯಾಗಿ, ಗಿಡ್ಡವಾಗಿ ಬಂತು. ಪಕ್ಕದ ಸಾಲಿನ ಇನ್ನೊಂದಕ್ಕೆ ಬಡಿದರು. ಇದು ಬೇರೆ ಸದ್ದು, ಒಳಗೇನೋ ಬಿಟ್ಟುಕೊಂಡಂತೆ. ಬುಡದ ಹತ್ತಿರ ಕುಕ್ಕರಗಾಲಲ್ಲಿ ಕೂತು, ತರಗೆಲೆ ಸರಿಸಿ ತೋರಿಸಿದರು. ಕಾಂಡದ ಮೇಲೆ ಕಂದು ಕಲೆಗಳು, ಅಲ್ಲಿಂದ ಒಸರಿ ಒಣಗಿದ ರಸ. ಅಣಬೆ ರೋಗ. ಬೇರಿನ ಕಡೆಯಿಂದ ಕೊಳೆಯುತ್ತ ಬರುವ ಈ ರೋಗ ಹಿಡಿದ ಮರ ಅಡಿಕೆ ಕೊನೆ ಹೊತ್ತುಕೊಂಡು ನಿಂತೇ ಇರುತ್ತದೆ. ಮನುಷ್ಯನ ಭಾರ ಬಿದ್ದಾಗ ಮಾತ್ರ ತಾನು ಎಷ್ಟು ಟೊಳ್ಳು ಎಂದು ತೋರಿಸುತ್ತದೆ. ಆಮೇಲೆ ತೋಟದ ಅಂಚಿಗೆ ಕರೆದೊಯ್ದರು. ಅಲ್ಲಿ ನೈಋತ್ಯಕ್ಕೆ ಮುಖ ಮಾಡಿದ ಸಾಲಿನ ಮರಗಳಿಗೆ ಒಂದೇ ಬದಿಯಲ್ಲಿ ಬಿಳಿಚಿದ, ಸೀಳಿದ ಗಾಯ. ಮಧ್ಯಾಹ್ನದ ನಂತರದ ಓರೆ ಬಿಸಿಲು ಎಳೆಯ ಕಾಂಡವನ್ನು ಸುಟ್ಟು ಮಾಡಿದ ಕಲೆ ಅದು. ಗಾಳಿಗೆ ಮರ ಮುರಿಯುವುದು ಆ ಜಾಗದಲ್ಲೇ. ಅದಕ್ಕೇ ತಿಳಿದ ಕೃಷಿಕರು ಆ ಬದಿಗೆ ಸೋಗೆ ಕಟ್ಟುತ್ತಾರೆ, ಸುಣ್ಣ ಬಳಿಯುತ್ತಾರೆ.

“ಇನ್ನು ತಲೆ ನೋಡಿ,” ಎಂದರು. ಎಲ್ಲರೂ ಕತ್ತೆತ್ತಿದರು. ಕೆಲವು ಮರಗಳ ಕಾಂಡ ಮೇಲೆ ಹೋದಂತೆ ಸಪೂರವಾಗಿ, ಸೋಗೆಗಳು ಗಿಡ್ಡವಾಗಿ ಒತ್ತಿಕೊಂಡಿದ್ದವು. ಸುಳ್ಯದ ಹುಡುಗ ತಟ್ಟನೆ ಹೇಳಿದ: “ಇದು ನಮ್ಮಲ್ಲಿ ಉಂಟು ಅಣ್ಣ. ಹಳದಿ ರೋಗ.” ಸಂಪಾಜೆ, ಅರಂತೋಡಿನ ಕಡೆಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹಳದಿ ಎಲೆ ರೋಗ ಅಲ್ಲಿ ತೋಟಕ್ಕೆ ತೋಟವನ್ನೇ ತಿಂದು, ಎಷ್ಟೋ ಮನೆಗಳನ್ನು ರಬ್ಬರಿಗೆ ದಾಟಿಸಿದೆ. ಆ ಹುಡುಗನ ಕೈಗೆ ಟ್ಯಾಪಿಂಗ್ ಕತ್ತಿ ಬಂದದ್ದೂ ಹಾಗೆಯೇ ಇರಬೇಕು.

ಊಟದ ಹೊತ್ತಿಗೆ ಆ ನಿರಾಸೆ ಹೋಗಿತ್ತು. ಎಲೆಯ ಮುಂದೆ ಕೂತವರು ಮರಗಳ ಬಗ್ಗೆಯೇ ಮಾತಾಡುತ್ತಿದ್ದರು. ಯಾವುದಕ್ಕೆ ಹತ್ತಬಹುದು, ಯಾವುದಕ್ಕೆ ಬೇಡ. ಈ ಶಿಬಿರದ ಅತ್ಯಂತ ದೊಡ್ಡ ಪಾಠ ಯಾರ ಕಾಲೂ ನೆಲ ಬಿಡುವ ಮೊದಲೇ ಮುಗಿದಿತ್ತು ಎಂದು ನನಗೆ ಅನ್ನಿಸಿತು.

ಮರ ಹತ್ತುವುದನ್ನು ಶಿಬಿರ ಮಾಡಿ ಕಲಿಸಬೇಕೆ ಎಂದು ಕೇಳುವವರು ಈಗಲೂ ಇದ್ದಾರೆ. ಒಂದು ತಲೆಮಾರಿನ ಹಿಂದೆ ಆ ಪ್ರಶ್ನೆಗೆ ಅರ್ಥವಿತ್ತು. ಅಪ್ಪ ಮೇಲೆ ಇರುವಾಗ ಮಗ ಕೆಳಗೆ ಹಗ್ಗ ಹಿಡಿಯುತ್ತಿದ್ದ. ಹಿಡಿದು ಹಿಡಿದು ಒಂದು ದಿನ ತಾನೇ ಏರುತ್ತಿದ್ದ. ಶಿರಸಿ, ಸಿದ್ದಾಪುರ, ಸಾಗರದ ಕಡೆ ಕೊನೆಗೌಡನಿಗೆ ತೋಟದಲ್ಲಿ ಅವನದೇ ಆದ ಸ್ಥಾನವಿತ್ತು, ಕೊನೆ ಕೊಯ್ಲಿನ ದಿನ ಅವನ ಮಾತೇ ನಡೆಯುತ್ತಿತ್ತು. ಆದರೆ ಆ ಸ್ಥಾನ ತೋಟದ ಬೇಲಿ ದಾಟಿ ಆಚೆ ಬರಲಿಲ್ಲ. ಮರ ಹತ್ತುವವನ ಮಗನಿಗೆ ಹೆಣ್ಣು ಕೊಡಲು ಹಿಂದೆ ಮುಂದೆ ನೋಡಿದರು. ಬಿದ್ದು ಬೆನ್ನು ಮುರಿದುಕೊಂಡವನನ್ನು ಒಂದೆರಡು ತಿಂಗಳು ವಿಚಾರಿಸಿ ಆಮೇಲೆ ಮರೆತರು. ಹೀಗಿರುವಾಗ ಮಕ್ಕಳು ಮಂಗಳೂರಿಗೆ, ಮುಂಬೈಗೆ, ಗಲ್ಫಿಗೆ ಹೋದದ್ದರಲ್ಲಿ ಆಶ್ಚರ್ಯವೇನಿದೆ? ಹಗ್ಗ ಹಿಡಿಯಲು ಮಗ ಇಲ್ಲದಾದ ಮೇಲೆ ಕಲಿಕೆಯೂ ನಿಂತಿತು. ಇಂದು ಎಷ್ಟೋ ಊರುಗಳಲ್ಲಿ ಅರುವತ್ತು ದಾಟಿದವರೇ ಏರುತ್ತಿದ್ದಾರೆ. ಅವರೊಬ್ಬರಿಗೆ ಮಂಡಿನೋವು ಬಂದರೆ ನಾಲ್ಕಾರು ತೋಟಗಳ ಕೆಲಸ ನಿಲ್ಲುತ್ತದೆ.

ನಿಂತರೆ ಏನಾಗುತ್ತದೆ ಎಂಬುದನ್ನು ಮಳೆಗಾಲ ತೋರಿಸಿಕೊಡುತ್ತದೆ. ಕೊಳೆರೋಗಕ್ಕೆ, ನಮ್ಮ ಹಿರಿಯರು ಮಹಾಳಿ ಎನ್ನುವ ಅದಕ್ಕೆ, ಬಿಡುವಿಲ್ಲದೆ ಸುರಿಯುವ ಮಳೆಯೇ ಬೇಕು. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಂದು ಸಲ ಮದ್ದು ಬಿಡಬೇಕು. ಆ ಎರಡನೆಯದಕ್ಕೆ ಆಷಾಢದ ನಡುವೆ ಮಳೆ ಹೊಳವಾದ ಒಂದೆರಡು ದಿನ ಮಾತ್ರ ಸಿಗುತ್ತದೆ. ಸಿಕ್ಕ ದಿನ ಊರಿನ ಎಲ್ಲ ತೋಟಗಳಿಗೂ ಮರ ಏರುವ ಅದೇ ಒಬ್ಬನೇ ಬೇಕು. ಮರದ ಮೈಯೆಲ್ಲ ಪಾಚಿ, ಜಾರು. ಮದ್ದು ತಪ್ಪಿದ ತೋಟದಲ್ಲಿ ವಾರದೊಳಗೆ ಎಳೆಯ ಕಾಯಿ ಬುಡಕ್ಕೆ ಉದುರಿ ಬೀಳುತ್ತದೆ, ವರ್ಷದ ಬೆಳೆ ಕಣ್ಣೆದುರೇ ಕೊಳೆಯುತ್ತದೆ.

ಎರಡನೇ ದಿನದ ಬೆಳಗ್ಗೆ ಕಾಲಿಗೆ ತಳೆ ಬಂತು. ಹಗ್ಗದ ಒಂದು ಬಳೆ ಅದು, ಎರಡೂ ಪಾದಗಳನ್ನು ಸೇರಿಸಿ ಹಿಡಿಯುವಷ್ಟೇ ಅಗಲ. ಪಾದಗಳು ಮರದ ಎರಡು ಬದಿಗೆ ಒತ್ತಿಕೊಂಡಾಗ ತಳೆ ಬಿಗಿಯುತ್ತದೆ, ದೇಹದ ಭಾರವೇ ಹಿಡಿತವಾಗುತ್ತದೆ. ತೋಳುಗಳಿಂದ ಮರ ಅಪ್ಪಿ, ಮಂಡಿ ಮಡಚಿ ಎರಡೂ ಕಾಲನ್ನು ಒಟ್ಟಿಗೆ ಮೇಲೆಳೆದು, ಒತ್ತಿ, ಎದ್ದು ನಿಲ್ಲುವುದು. ಹೇಳಲಿಕ್ಕೆ ಇಷ್ಟೇ. ಅಣ್ಣ ಏರಿ ತೋರಿಸಿದರು. ಅವರ ಮೈಯಲ್ಲಿ ಎಲ್ಲೂ ಅವಸರವಿಲ್ಲ, ಉಸಿರಿನ ಸದ್ದೂ ಇಲ್ಲ. ನೋಡುತ್ತಿದ್ದ ಹಾಗೆ ಇಪ್ಪತ್ತಡಿಯ ಬಟ್ಟೆ ದಾಟಿ ಹೋದರು. ಹುಡುಗರ ಸರದಿ ಬಂದಾಗ ಮಾತ್ರ ಆ ಸಲೀಸಿನ ಹಿಂದೆ ಎಷ್ಟು ವರ್ಷಗಳಿವೆ ಎಂದು ತಿಳಿಯಿತು. ತೋಳಿನಿಂದ ಎಳೆದುಕೊಳ್ಳುವವರೇ ಎಲ್ಲರೂ. ನಾಲ್ಕಡಿಗೆ ಹೋಗುವಷ್ಟರಲ್ಲಿ ತೋಳು ನಡುಗಿ ಸರ್ರನೆ ಜಾರಿ ಕೆಳಗೆ. ಹೋಟೆಲ್ ಕೆಲಸ ಬಿಟ್ಟು ಬಂದವನ ಎದೆಯ ಚರ್ಮ ಗೀರಿ ಕೆಂಪಾಯಿತು.

“ಜಾರಬಾರದು ಮಾರಾಯ. ಇಳಿಯುದೂ ಒಂದು ಕೆಲಸ. ಹತ್ತಿದ ಹಾಗೇ ಇಳಿಬೇಕು,” ಎಂದು ಅಣ್ಣ ಅವನ ಪಾದಗಳನ್ನು ತಮ್ಮ ಕೈಯಿಂದಲೇ ಹಿಡಿದು ಮರಕ್ಕೆ ಒತ್ತಿದರು. “ತೋಳು ಅಪ್ಪಿಕೊಳ್ಳಲಿಕ್ಕೆ ಮಾತ್ರ. ಹೊರುದು ಕಾಲು.”

ಮಧ್ಯಾಹ್ನದ ಹೊತ್ತಿಗೆ ಬಹಳಷ್ಟು ಮಂದಿ ಹತ್ತಡಿಯ ಬಟ್ಟೆ ಮುಟ್ಟಿದ್ದರು. ಹೋಟೆಲ್ ಕೆಲಸ ಬಿಟ್ಟು ಬಂದ ಹುಡುಗ ಅಲ್ಲಿಗೆ ತಲುಪಿ ಕೆಳಗೆ ನೋಡಿದ. ಮತ್ತೆ ಅಲುಗಲಿಲ್ಲ. ಗಲ್ಲ ಮರಕ್ಕೆ ಒತ್ತಿ, ಕಣ್ಣು ಮುಚ್ಚಿ, ಬೆರಳು ಬಿಳಿಚುವಷ್ಟು ಬಿಗಿಯಾಗಿ ಅಪ್ಪಿಕೊಂಡ. ಕೆಳಗಿನಿಂದ ನಾಲ್ಕು ಜನ ನಾಲ್ಕು ಬಗೆಯ ಸಲಹೆ ಕೂಗತೊಡಗಿದರು. ಅಣ್ಣ ಕೈಯೆತ್ತಿ ಎಲ್ಲರ ಬಾಯಿ ಮುಚ್ಚಿಸಿ ಬುಡಕ್ಕೆ ಬಂದು ನಿಂತರು.

“ಅಲ್ಲೇ ಇರಿ. ಇಳಿಬೇಡಿ, ಏರಬೇಡಿ. ಮನೆಯಲ್ಲಿ ಯಾರೆಲ್ಲ ಇದ್ದಾರೆ?”

ಮೇಲಿನಿಂದ ಬಹಳ ಹೊತ್ತು ಉತ್ತರವಿಲ್ಲ. ಆಮೇಲೆ, “ಅಮ್ಮ… ತಂಗಿ.”

“ತಂಗಿ ಎಂತ ಮಾಡುದು?”

“ಬೀಡಿ ಕಟ್ಟುದು. ಕಾಲೇಜಿಗೂ ಹೋಗ್ತಾಳೆ.”

“ಯಾವ ಕಾಲೇಜು?”

ಮಾತು ಹೀಗೆ ಸಾಗಿತು. ಪುತ್ತೂರಿನ ಕಾಲೇಜಿನಿಂದ ಬಸ್ಸಿಗೆ, ಬಸ್ಸಿನಿಂದ ಮನೆಯ ದನಕ್ಕೆ. ಹುಡುಗನ ಭುಜ ಸಡಿಲವಾದದ್ದು ಕೆಳಗಿದ್ದ ನಮಗೂ ಕಂಡಿತು. “ಇನ್ನು ಮಂಡಿ ಮಡಚಿ,” ಎಂದರು ಅಣ್ಣ. ಅವನು ಒಂದೊಂದೇ ಹೆಜ್ಜೆಯಾಗಿ, ಜಾರದೆ ಇಳಿದು ಬಂದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಾಗೆ ತಟ್ಟಬಾರದೆಂದು ಅಣ್ಣ ಮೊದಲೇ ಹೇಳಿದ್ದರು. ಚಪ್ಪಾಳೆಗೆ ಮರುಳಾದವನು ಮರುದಿನ ತನ್ನ ಶಕ್ತಿ ಮೀರಿ ಏರುತ್ತಾನಂತೆ. ಕಲಿಸುವುದೆಂದರೇನು ಎಂದು ನನ್ನನ್ನು ಯಾರಾದರೂ ಕೇಳಿದರೆ ಆ ಹತ್ತು ನಿಮಿಷವನ್ನು ತೋರಿಸುತ್ತೇನೆ. ಮರ ಏರಬಲ್ಲವರು ಇನ್ನೂ ನಾಲ್ಕು ಮಂದಿ ಸಿಕ್ಕಾರು. ಹೆದರಿದವನ ಹತ್ತಿರ ದನದ ಬಗ್ಗೆ ಮಾತಾಡಬಲ್ಲವರು ಕಡಿಮೆ.

ಮೂರನೇ ದಿನ ಮದ್ದಿನ ಪಾಠ. ಅಂಗಳದಲ್ಲಿ ಎರಡು ಪ್ಲಾಸ್ಟಿಕ್ ಡ್ರಮ್ಮು, ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕಲಿಸಲು ಬಂದ ಯುವ ಸಸ್ಯರೋಗ ತಜ್ಞೆ ಮೈಲುತುತ್ತನ್ನು ಬಟ್ಟೆಯಲ್ಲಿ ಕಟ್ಟಿ ಐವತ್ತು ಲೀಟರ್ ನೀರಲ್ಲಿ ಇಳಿಬಿಟ್ಟಿದ್ದರು. ನೀಲಿ ಎಳೆಯೆಳೆಯಾಗಿ ಬಿಚ್ಚಿಕೊಂಡು ತಳಕ್ಕೆ ಇಳಿಯುತ್ತಿತ್ತು. ಇನ್ನೊಂದರಲ್ಲಿ ಸುಣ್ಣದ ತಿಳಿ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ ದ್ರಾಕ್ಷಿಯ ರೋಗಕ್ಕೆ 1885ರಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ ಹೇಳಿಕೊಟ್ಟ ಮದ್ದು ಇದು. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಕೊಳೆರೋಗದ ಬೆನ್ನು ಹತ್ತಿ, ಅದನ್ನು ನಮ್ಮ ಅಡಿಕೆಗೆ ತಂದರು. ಅದಕ್ಕೆ ಮೊದಲು ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುವುದೊಂದೇ ದಾರಿ. ನೂರು ವರ್ಷ ಕಳೆದರೂ ಸಣ್ಣ ಕೃಷಿಕನ ಕೈಗೆಟುಕುವ, ನಂಬಿಕೆಯ ಮದ್ದು ಇದೇ.

ಅಡಿಕೆ ಸುಲಿಯಲು ಬಂದಿದ್ದ ಹೆಂಗಸರು ಜಗಲಿಯಿಂದಲೇ ನೋಡುತ್ತಿದ್ದರು. ತಜ್ಞೆ ಸುಣ್ಣದ ನೀರಿಗೆ ಮೈಲುತುತ್ತಿನ ನೀರನ್ನು ಸಣ್ಣ ಧಾರೆಯಾಗಿ ಸುರಿಯಲು ಹುಡುಗರಿಗೆ ಹೇಳಿದರು. ಒಬ್ಬ ಅವಸರದಲ್ಲಿ ಡ್ರಮ್ಮನ್ನೇ ಬಗ್ಗಿಸಿದ. ಜಗಲಿಯಲ್ಲಿದ್ದ ಹಿರಿಯ ಹೆಂಗಸೊಬ್ಬರು, “ಮೆಲ್ಲ ಸುರಿ ಮಗಾ, ಕೋಲು ತಿರುಗಿಸ್ತಾ ಸುರಿ, ಇಲ್ಲದಿದ್ರೆ ಒಡೀತದೆ,” ಎಂದರು. ತಜ್ಞೆ ತಿರುಗಿ ನೋಡಿ, “ಬನ್ನಿ ಅಕ್ಕ, ನೀವೇ ತೋರಿಸಿ,” ಎಂದು ಕರೆದರು. ಆಕೆ ಸೆರಗು ಸಿಕ್ಕಿಸಿಕೊಂಡು ಬಂದು ಕೋಲು ಹಿಡಿದರು. ತಿರುಗಿಸಿದ ಹಾಗೆ ದ್ರಾವಣ ತಿಳಿ ಆಕಾಶದ ಬಣ್ಣಕ್ಕೆ ತಿರುಗಿ ಮೊಸರಿನ ಹಾಗೆ ದಪ್ಪವಾಯಿತು. ಉಜ್ಜಿ ಹೊಳಪಿಸಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿದು, ಬಿಸಿಲಿಗೆ ಎತ್ತಿ ನೋಡಿದರು. ತುದಿಯಲ್ಲಿ ತೆಳುವಾಗಿ ತಾಮ್ರದ ಕೆಂಪು. “ಸುಣ್ಣ ಸಾಲ್ಲಿಲ್ಲ,” ಎಂದರು. ತಜ್ಞೆ ಬಣ್ಣ ತೋರಿಸುವ ಕಾಗದ ಅದ್ದಿ ನೋಡಿದರೂ ಅದೇ ಉತ್ತರ. ಇನ್ನೊಂದು ಚೊಂಬು ಸುಣ್ಣದ ತಿಳಿ ಸೇರಿತು. ಈ ಸಲ ಅಲಗು ಹೊಳಪಾಗಿಯೇ ಹೊರಗೆ ಬಂತು.

ಎಷ್ಟೋ ಮಳೆಗಾಲ ಮದ್ದು ಕಲಸಿದ ಕೈ ಅದು. ಆದರೂ ತರಬೇತಿಯ ಪಟ್ಟಿಯಲ್ಲಿ ಆಕೆಯ ಹೆಸರಿಲ್ಲ. ತೋಟದ ಕೆಲಸದಲ್ಲಿ ಹೆಂಗಸರದ್ದು ಹೆಕ್ಕುವುದು, ಹೊರುವುದು, ಸುಲಿಯುವುದು ಎಂದು ನಾವೇ ಗೆರೆ ಎಳೆದಿದ್ದೇವೆ. ಕೌಶಲದ ಮಾತು ಬಂದಾಗ ಆ ಗೆರೆಯ ಆಚೆ ನೋಡುವುದೇ ಇಲ್ಲ. ಬರಿಗೈಯಲ್ಲಿ ಮೈಲುತುತ್ತು ಮುಟ್ಟಬಾರದು, ಕೈಗವಸು ಹಾಕಬೇಕು, ಮದ್ದು ಕಲಸಿದ ಮೇಲೆ ಸೋಪಿನಲ್ಲಿ ಕೈ ತೊಳೆಯದೆ ವೀಳ್ಯ ಹಾಕಬಾರದು ಎಂದು ಆಕೆಗೆ ಹೇಳಿದವರೇ ಇರಲಿಲ್ಲವಂತೆ. ಅಂದು ಮೊದಲ ಬಾರಿಗೆ ಗವಸು ತೊಟ್ಟರು.

ತೆಂಗಿನಲ್ಲಿ ಈ ಗೆರೆ ಸ್ವಲ್ಪ ಅಳಿಸಿದೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಕೇರಳದಿಂದ ಶುರು ಮಾಡಿ ನಮ್ಮ ರಾಜ್ಯಕ್ಕೂ ತಂದ ‘ತೆಂಗಿನ ಮರದ ಗೆಳೆಯರು’ ಎಂಬ ತರಬೇತಿಯಲ್ಲಿ ಮಹಿಳೆಯರೂ ಬಂದು ಕಲಿತರು, ಅದನ್ನೇ ಜೀವನೋಪಾಯ ಮಾಡಿಕೊಂಡರು. ಆರು ದಿನದ ಪಾಠ. ಕೈಗೆ ಮರ ಏರುವ ಯಂತ್ರ, ಅಪಘಾತಕ್ಕೆ ವಿಮೆ. ಕಣ್ಣೂರು ಜಿಲ್ಲೆಯ ಚೆಂಬೇರಿಯ ಕೃಷಿಕ ಜೋಸೆಫ್ ರೂಪಿಸಿದ, ಎರಡು ಪಾದಕ್ಕೆ ಎರಡು ಮೆಟ್ಟಿಲಿನ ಆ ಸರಳ ಸಾಧನ ಇಲ್ಲದಿದ್ದರೆ ಇದು ಇಷ್ಟು ದೂರ ಬರುತ್ತಿರಲಿಲ್ಲ. ಅಲ್ಲಿ ಕಾಯಿ ಕೀಳುವುದು ಪಾಠದ ಒಂದು ಭಾಗ ಮಾತ್ರ. ಶಿರ ಶುಚಿಗೊಳಿಸುವುದು, ಕುರುವಾಯಿ ಕೊರೆದ ಗುರುತು, ಕೆಂಪು ಮೂತಿ ಹುಳದ ರಂಧ್ರ ಗುರುತಿಸುವುದು ಎಲ್ಲವೂ ಉಂಟು. ಮರದ ತಲೆಯನ್ನು ಹತ್ತಿರದಿಂದ ಕಾಣುವವರು ಹತ್ತಿದವರೇ ತಾನೆ? ಅವರ ಕಣ್ಣು ತಿದ್ದಿದರೆ ಅರ್ಧ ವೈದ್ಯ ಆದಂತೆ.

ನಾಲ್ಕನೇ ದಿನ ತೋಟಕ್ಕೆ ದೋಟಿ ಬಂತು. ಬಿದಿರಿನದ್ದಲ್ಲ, ಕಾರ್ಬನ್ ಫೈಬರಿನದ್ದು. ಕೊಳವೆಯೊಳಗಿನ ಕೊಳವೆ ಎಳೆದಷ್ಟೂ ಉದ್ದವಾಗುತ್ತ, ನೆಲದಲ್ಲೇ ನಿಂತು ಐವತ್ತು ಅರುವತ್ತು ಅಡಿಯ ಕೊನೆ ತಲುಪುತ್ತದೆ. ಬಂಟ್ವಾಳದ ಸಜಿಪಮೂಡದ ಗಣಪತಿ ಭಟ್ಟರು ಎಂಜಿನ್ ಕೂರಿಸಿ ಮಾಡಿದ ಮರ ಏರುವ ಬೈಕಿನ ಮಾತೂ ಬಂತು. ವಿಟ್ಲದಲ್ಲಿ 1956ರಿಂದ ಇರುವ ಅಡಿಕೆ ಸಂಶೋಧನಾ ಕೇಂದ್ರವು ಹಿರೇಹಳ್ಳಿಯ ಕುಬ್ಜ ತಳಿಯಿಂದ ಪಡೆದ ಗಿಡ್ಡ ಮರಗಳ ಮಾತೂ ಬಂತು. ಹುಡುಗರು ದೋಟಿಯನ್ನು ಆಸೆಯಿಂದ ಎತ್ತಿದರು. ಹಗುರವೇ, ಆದರೆ ಅಷ್ಟುದ್ದ ನೆಟ್ಟಗೆ ಹಿಡಿದಾಗ ತುದಿ ಗಾಳಿಗೆ ತೊನೆದು, ಕತ್ತಿ ಕೊನೆಯ ಬುಡ ಬಿಟ್ಟು ಸೋಗೆಗೆ ಸಿಕ್ಕಿಕೊಳ್ಳುತ್ತದೆ. ಕತ್ತು ಹಿಂದಕ್ಕೆ ಬಾಗಿ ಬಾಗಿ ಸಂಜೆಯ ಹೊತ್ತಿಗೆ ಎಲ್ಲರ ಕೈಯೂ ಹೆಗಲ ಮೇಲೆ.

ಅಣ್ಣ ಆ ದಿನ ಒಂದೇ ಮಾತನ್ನು ಮೂರು ಸಲ ಹೇಳಿದರು. ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ಅಲ್ಯೂಮಿನಿಯಂ ದೋಟಿಯಲ್ಲಿ ಹರಿಯುತ್ತದೆ. ಒದ್ದೆಯಾದರೆ ಬಿದಿರಲ್ಲೂ ಹರಿಯುತ್ತದೆ. ತೋಟದ ಮೇಲೆ ಲೈನ್ ಹಾದು ಹೋಗುವ ಕಡೆ ದೋಟಿ ಎತ್ತುವ ಮೊದಲು ತಲೆ ಎತ್ತಬೇಕು. ಮರದಿಂದ ಬಿದ್ದವರಷ್ಟೇ ಅಲ್ಲ, ನೆಲದಲ್ಲಿ ನಿಂತು ಲೈನಿಗೆ ದೋಟಿ ತಾಗಿಸಿದವರನ್ನೂ ಈ ಜಿಲ್ಲೆ ಕಳೆದುಕೊಂಡಿದೆ.

ಅದೇ ದಿನ ಮಧ್ಯಾಹ್ನ ತೋಟದ ಯಜಮಾನರಿಗೂ ಒಂದು ಪಾಠವಿತ್ತು. ನನಗೆ ಬಹಳ ಮುಖ್ಯ ಅನ್ನಿಸಿದ್ದು ಇದು. ಮರ ಏರುವವನು ಎಷ್ಟೇ ಕಲಿತಿರಲಿ, ಅಣಬೆ ಹಿಡಿದ ಮರಕ್ಕೆ ಗುರುತು ಮಾಡಿಡುವುದು, ಮಳೆ ಹನಿಯುವಾಗ ಇವತ್ತು ಬೇಡ ಎನ್ನುವುದು, ಕೆಳಗೆ ತಿಳಿದವನೊಬ್ಬನನ್ನು ನಿಲ್ಲಿಸುವುದು ಕರೆಸಿದವನ ಕೆಲಸ. ಬೆಲ್ಟ್ ಕಟ್ಟಿಕೊಂಡವನನ್ನು ಕಂಡು ಹೆದರುಪುಕ್ಕಲ ಎಂದು ನಗುವ ತೋಟದಲ್ಲಿ ಯಾವ ತರಬೇತಿಯೂ ನಿಲ್ಲುವುದಿಲ್ಲ. ವಿಮೆಯ ಮಾತು ಬಂದಾಗ ಹಲವರು ಮುಖ ಮುಖ ನೋಡಿಕೊಂಡರು. ಬ್ಯಾಂಕ್ ಖಾತೆಯಿದ್ದವನಿಗೆ ವರ್ಷಕ್ಕೆ 20 ರೂಪಾಯಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆ. ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ. ಆದರೆ ಬೆನ್ನೆಲುಬು ಮುರಿದು ಆಸ್ಪತ್ರೆಯಲ್ಲಿ ಮಲಗಿದವನ ಬಿಲ್ಲು ಅದರಿಂದ ತೀರುವುದಿಲ್ಲ. ಅದಕ್ಕೆ ಬೇರೆ ವಿಮೆ ಬೇಕು, ಅದರ ಕಂತು ಯಾರು ಕಟ್ಟುವುದು? ಹಿರಿಯ ಕೃಷಿಕರೊಬ್ಬರು ಎದ್ದು, “ಮೂರು ತೋಟದವರು ಸೇರಿದರೆ ಆಗದ ಮೊತ್ತ ಅಲ್ಲ ಅದು. ಟ್ರ್ಯಾಕ್ಟರಿಗೆ ಕಟ್ಟುದಿಲ್ವಾ ನಾವು?” ಎಂದರು. ಸಭೆ ಗಂಭೀರವಾಯಿತು. ಮರಕ್ಕಿಷ್ಟು ಎಂದು ಮಜೂರಿ ಲೆಕ್ಕ ಹಾಕುವಾಗ ಒದ್ದೆ ಮರಕ್ಕೂ ಒಣ ಮರಕ್ಕೂ ಒಂದೇ ದರ ಏಕೆ ಎಂದು ಸಾರಣೆ ಕೆಲಸದ ಹುಡುಗ ಕೇಳಿದ್ದೂ ಆಗಲೇ. ಅವನಿಗೆ ಆ ದಿನ ಸರಿಯಾದ ಉತ್ತರ ಸಿಗಲಿಲ್ಲ.

ವಿಟ್ಲದ ಕೇಂದ್ರದಲ್ಲೇ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಮತ್ತಿತರರು ಸೇರಿ ನಡೆಸಿದ ‘ಅಡಿಕೆ ಕೌಶಲ್ಯ ಪಡೆ’ ಶಿಬಿರಗಳು ಮರ ಏರುವುದನ್ನು ಹೀಗೆ ಕಲಿಸುವ ದಾರಿಯನ್ನು ತೆರೆದವು. ಕಲಿತವರಲ್ಲಿ ಕೆಲವರು ಜೊತೆಗೂಡಿ ತಂಡವಾಗಿ ತೋಟದಿಂದ ತೋಟಕ್ಕೆ ಹೋಗುತ್ತಾರೆ. ಫೋನ್ ಮಾಡಿ ದಿನ ಗೊತ್ತುಪಡಿಸಿಕೊಳ್ಳಬೇಕು. ಬೈಕಿನಲ್ಲಿ, ತಮ್ಮದೇ ಸಲಕರಣೆಯೊಂದಿಗೆ ಬರುತ್ತಾರೆ. ಬಾಗಿಲಲ್ಲಿ ಕಾಯಿಸಿದರೆ ಮರುವರ್ಷ ಆ ಮನೆಗೆ ಇಲ್ಲ. ಈ ಬದಲಾವಣೆ ಕೆಲವು ಹಿರಿಯರಿಗೆ ಹಿಡಿಸಿಲ್ಲ. ನನಗೆ ಹಿಡಿಸಿದೆ.

ಕೊನೆಯ ದಿನ ಪ್ರಮಾಣಪತ್ರ ಕೊಡುವ ಹೊತ್ತಿಗೆ ಅಂಗಳದ ತುಂಬ ಕೃಷಿಕರು. ಹೆಚ್ಚಿನವರು ಬಂದದ್ದು ಹುಡುಗರ ಫೋನ್ ನಂಬರಿಗೆ. ಸುಳ್ಯದ ಹುಡುಗ ಆ ಬೆಳಗ್ಗೆ ಐವತ್ತಡಿಯ ಮರದ ತಲೆ ಮುಟ್ಟಿ, ಮಣೆಯಲ್ಲಿ ಕೂತು ಕೊನೆ ಕೊಯ್ದು, ಹಗ್ಗದಲ್ಲಿ ಒಂದು ಕಾಯಿಯೂ ಚದುರದ ಹಾಗೆ ಕೆಳಗೆ ಬಿಟ್ಟಿದ್ದ. ಮೇಲಿನಿಂದಲೇ ಮರದಿಂದ ಮರಕ್ಕೆ ದಾಟುವುದನ್ನು ಕಲಿಸಿ ಎಂದು ಅವನು ಕೇಳಿದಾಗ, “ನೂರು ಮರ ಹತ್ತಿ ಇಳಿದು ಬಾ, ಮತ್ತೆ ನೋಡುವಾ,” ಎಂದಿದ್ದರು ಅಣ್ಣ. ಈಗ ಅವನನ್ನು ಇಬ್ಬರು ಯಜಮಾನರು ಎರಡು ಬದಿಯಿಂದ ಹಿಡಿದಿದ್ದರು. ಒಬ್ಬರ ತೋಟದಲ್ಲಿ ಆರುನೂರು ಮರ, ಜೂನ್ ಮೊದಲ ವಾರಕ್ಕೆ ಮದ್ದು ಬಿಡಬೇಕು.

“ಬರ್ತೇನೆ,” ಎಂದ ಹುಡುಗ. “ಆದ್ರೆ ಒಂದು ದಿನ ಮೊದ್ಲೇ ಬಂದು ಮರ ನೋಡ್ತೇನೆ. ಲೈನಿನ ಅಡಿಯದ್ದು ಮತ್ತೆ ಬುಡ ಕೆಟ್ಟದ್ದು ನಾನು ಹತ್ತುದಿಲ್ಲ.”

“ಅಂಥದ್ದು ನಮ್ಮಲ್ಲಿ ನಾಲ್ಕೋ ಐದೋ ಇರಬಹುದು,” ಎಂದರು ಯಜಮಾನರು. “ಅಷ್ಟಕ್ಕೆ ಯಾಕೆ?”

“ಆ ನಾಲ್ಕಕ್ಕೇ,” ಎಂದು ಹುಡುಗ ಅವರ ನಂಬರನ್ನು ಫೋನಿಗೆ ಹಾಕಿಕೊಂಡು, ದಿನ ಯಾವುದೆಂದು ಕೇಳಿದ.